ದೊಡ್ಡಪ್ಪ ಕಾಲೇಜಿನ ಹಿತ್ತಲು ನೋಡಿದ್ದು

ಮೊನ್ನೆ ಭಾನುವಾರ ಪೆಟ್ಟಿಗೆಯ ತಳದಿಂದ ಹಳೆಯ ದಿನಚರಿಗಳನ್ನು ತೆಗೆದು ಬಿಸಿಲಿಗೆ ಹರವುತ್ತಿದ್ದಾಗ ಒಂದರೊಳಗಿಂದ ಒಣಗಿದ ನಿಂಬೆ ಸಿಪ್ಪೆ ಬಿತ್ತು. ಕಾಸಿನಗಲ, ಕಪ್ಪಗೆ, ಚರ್ಮದ ಹಾಗೆ ಗಟ್ಟಿ. ಬೇರೆಯವರ ದಿನಚರಿಯಿಂದ ನವಿಲುಗರಿ ಬೀಳುತ್ತದೆ, ಗುಲಾಬಿಯ ಎಸಳು ಬೀಳುತ್ತದೆ. ನನ್ನದರಿಂದ ನಿಂಬೆ ಸಿಪ್ಪೆ. ಅದು ಅಂಟಿಕೊಂಡಿದ್ದ ಪುಟ ತೆರೆದು ನೋಡಿದೆ. “ಮಡಿಕೇರಿಯಿಂದ ಸುಳ್ಯದವರೆಗೆ ವಾಂತಿ ಆರು. ತಿರುವುಗಳನ್ನು ಎಣಿಸಲು ಆಗಲಿಲ್ಲ” ಎಂದು ಬರೆದಿದ್ದೆ.

ನೀವು ನಗಬಹುದು. ನಮ್ಮ ಮನೆಯಲ್ಲೂ ನಗುತ್ತಾರೆ. ಆದರೆ ಎಣಿಸುವ ಚಟ ನಾನಾಗಿ ಹಚ್ಚಿಕೊಂಡದ್ದಲ್ಲ. ಒಂಬತ್ತು ವರ್ಷದವಳಿದ್ದಾಗ ನಾಟಿಯ ಒಂದು ದಿನ ಅಪ್ಪಯ್ಯ ನನ್ನನ್ನು ಗದ್ದೆಯ ಬದುವಿನ ಮೇಲೆ ನಿಲ್ಲಿಸಿ, ಸಸಿಮಡಿಯಿಂದ ಎಷ್ಟು ಕಟ್ಟು ಪೈರು ಬರುತ್ತದೆಂದು ಎಣಿಸಲು ಹೇಳಿದರು. ಮಕ್ಕಳು ಕಾಲಿಗೆ ಅಡ್ಡ ಸಿಗದಿರಲಿ ಎಂದು ದೊಡ್ಡವರು ಕೊಡುವ ಕೆಲಸವದು ಎಂದು ಈಗ ತಿಳಿಯುತ್ತದೆ. ಆಗ ನನಗೆ ಅದು ಸರ್ಕಾರಿ ಹುದ್ದೆ. ಸಂಜೆ ಜಗುಲಿಯಲ್ಲಿ ಎಲ್ಲರೆದುರು ಲೆಕ್ಕ ಒಪ್ಪಿಸಿದೆ: ಪೈರು ನಾನೂರ ಹನ್ನೆರಡು ಕಟ್ಟು, ಕೊಕ್ಕರೆ ಹದಿನೇಳು, ಕೆಸರಿನಲ್ಲಿ ಜಾರಿ ಬಿದ್ದದ್ದು ಮೂರು ಸಲ, ಅದರಲ್ಲಿ ಎರಡು ಸಲ ದೊಡ್ಡಪ್ಪ.

ದೊಡ್ಡಪ್ಪ ಎಂದರೆ ಅಪ್ಪಯ್ಯನ ಅಣ್ಣ, ನಮ್ಮ ಮನೆಯ ಯಜಮಾನರು. ಮೀಸೆಯ ಎರಡು ತುದಿಗಳನ್ನೂ ಒಂದೇ ಅಳತೆಗೆ ಕತ್ತರಿಸಿಕೊಳ್ಳುವ ಮನುಷ್ಯ. ಅವರು ತಕ್ಷಣ ಹೇಳಿದರು: “ಎರಡ್ನೇ ಸಲ ಬಿದ್ದಿದ್ದಲ್ಲ ಕಣೇ, ಕೂತ್ಕಂಡಿದ್ದು.”

ಅಂದಿನಿಂದ ಇಂದಿನವರೆಗೆ ನಾನು ಎಣಿಸುತ್ತಲೇ ಇದ್ದೇನೆ. ಕುಶಾಲನಗರದ ಸೇತುವೆಯ ಮೇಲೆ ಹಾದುಹೋಗುವ ಬಸ್ಸು, ನಮ್ಮ ಹಲಸಿನ ಮರದ ಕಾಯಿ, ತವರಿಗೆ ಬಂದ ಅತ್ತೆ ಒಂದು ದಿನಕ್ಕೆ ಎಷ್ಟು ಸಲ “ಅಯ್ಯೋ ಶಿವನೆ” ಅನ್ನುತ್ತಾಳೆ ಎಂಬುದು (ಇಪ್ಪತ್ತಾರು; ನೆಂಟರು ಬಂದ ದಿನ ನಲವತ್ತು). ಅಜ್ಜಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. “ಎಣಿಸ್ಬ್ಯಾಡ್ವೇ, ಎಣಿಸಿದ್ದು ಏಳ್ಗೆ ಆಗಲ್ಲ” ಎನ್ನುತ್ತಿದ್ದಳು. ಒಮ್ಮೆ ಕೋಳಿ ಕಾವಿಗೆ ಕೂತಾಗ ಹಟ ಮಾಡಿ ಮೊಟ್ಟೆ ಎಣಿಸಿದೆ. ಹನ್ನೆರಡು. ಹನ್ನೆರಡೂ ಮರಿಯಾದವು. ನಾನು ಗೆದ್ದೆನೆಂದು ಅಜ್ಜಿಯ ಮುಂದೆ ಹೋಗಿ ನಿಂತರೆ, ಅವಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, “ನೀನು ಎಣಿಸ್ದೆ ಇದ್ದಿದ್ರೆ ಹದಿಮೂರು ಆಗೋವು” ಎಂದಳು.

ಇಷ್ಟು ಲೆಕ್ಕ ಇಡುವವಳು ಶಾಲೆಯಲ್ಲಿ ಎಷ್ಟನೆಯವಳು ಎಂದು ನೀವು ಕೇಳುತ್ತೀರಿ. ಅದೂ ಬರೆದಿಟ್ಟಿದ್ದೇನೆ. ಹೈಸ್ಕೂಲಿನ ಆರು ಪರೀಕ್ಷೆಗಳಲ್ಲಿ ನನ್ನ ಸ್ಥಾನ ಹನ್ನೊಂದು, ಹನ್ನೆರಡು, ಹನ್ನೊಂದು, ಹತ್ತು, ಹದಿಮೂರು, ಹನ್ನೊಂದು. ತರಗತಿಯಲ್ಲಿ ನಾವು ಮೂವತ್ತೊಂದು ಮಂದಿ. ಆಗ ಕೊಡಗು ಬೇರೆಯೇ ರಾಜ್ಯ; ಅದರ ಶಾಸನಸಭೆಯಲ್ಲಿ ಇದ್ದವರೇ ಇಪ್ಪತ್ನಾಲ್ಕು ಜನ, ಮಂತ್ರಿಗಳು ಇಬ್ಬರು. ರಾಜ್ಯ ಆಳುವುದಕ್ಕಿಂತ ನಮ್ಮ ಕ್ಲಾಸು ಆಳುವುದು ಕಷ್ಟ ಎಂದು ನಮ್ಮ ಹೆಡ್‌ಮಾಸ್ತರು ಬೆತ್ತ ಝಳಪಿಸುತ್ತ ಹೇಳುತ್ತಿದ್ದುದರಲ್ಲಿ ನಿಜವಿತ್ತು. ಆ ಬೆತ್ತ ಹಿಂದಿನ ಬೆಂಚಿಗೆ ಬೀಳುತ್ತಿತ್ತು. ಶಹಭಾಸ್ ಎಂಬ ಮಾತು ಮುಂದಿನ ಬೆಂಚಿಗೆ. ನಾನು ಕೂರುತ್ತಿದ್ದ ಮಧ್ಯದ ಬೆಂಚಿಗೆ ಎರಡೂ ತಲುಪುತ್ತಿರಲಿಲ್ಲ. ಮೂರು ವರ್ಷದಲ್ಲಿ ಹೆಡ್‌ಮಾಸ್ತರು ನನ್ನನ್ನು ಹೆಸರು ಹಿಡಿದು ಕರೆದದ್ದು ಒಂಬತ್ತು ಸಲ. ಅದರಲ್ಲಿ ನಾಲ್ಕು ಸಲ ನನ್ನ ಹೆಸರು ಜಯ ಎಂಬುದನ್ನು ಬಿಟ್ಟು ವಿಜಯ ಎಂದು ಕರೆದಿದ್ದರು.

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ಅದೇ ಹೆಡ್‌ಮಾಸ್ತರು ಒಂದು ಸಂಜೆ ನಮ್ಮ ಮನೆಗೆ ಬಂದರು. ನಾನು ಎರಡನೆಯ ದರ್ಜೆಯಲ್ಲಿ ಪಾಸಾಗಿದ್ದೆ. ಮುಂದೇನು ಎಂದು ಕೇಳಲು ಅಪ್ಪಯ್ಯನೇ ಕರೆಸಿದ್ದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

“ಗಟ್ಟಿ ಹುಡುಗಿ,” ಎಂದರು ಹೆಡ್‌ಮಾಸ್ತರು. ಅಪ್ಪಯ್ಯನ ಮುಖ ಅರಳಿತು.

“ಆದ್ರೆ ಮಿಂಚೋಳಲ್ಲ.”

ಮುದುಡಿತು.

“ಫೇಲಂತೂ ಆಗಲ್ಲ. ಅದನ್ನ ಬೇಕಾದ್ರೆ ಬರ್ದು ಕೊಡ್ತೀನಿ.”

ಅಪ್ಪಯ್ಯ ತಲೆ ಕೆರೆದುಕೊಂಡರು. “ಫಸ್ಟ್ ಕ್ಲಾಸ್ ಬಂದಿದ್ರೆ ಯೋಚ್ನೆ ಇರ್ಲಿಲ್ಲ ಸಾ, ಕಳಿಸಿಬುಡ್ತಿದ್ದೆ. ಫೇಲಾಗಿದ್ರೂ ಯೋಚ್ನೆ ಇರ್ಲಿಲ್ಲ. ಇವ್ಳು ನೋಡಿ, ಮಧ್ಯದಲ್ಲಿ ತಂದು ಸಿಕ್ಕಾಕಿಸವ್ಳೆ.”

ಬಾಗಿಲ ಹಿಂದೆ ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಹತ್ತೊಂಬತ್ತನೆಯ ಸ್ಥಾನದಲ್ಲಿ ಪಾಸಾಗಿದ್ದ ಪಟೇಲರ ಮನೆಯ ಹುಡುಗ ಆಗಲೇ ಹೊಸ ಟ್ರಂಕು ಹೊರಿಸಿಕೊಂಡು ಮೈಸೂರಿನ ಬಸ್ಸು ಹತ್ತಿದ್ದ. ಅವನನ್ನು ಯಾರೂ ಮಿಂಚುತ್ತೀಯಾ ಎಂದು ಕೇಳಿರಲಿಲ್ಲ. ಹುಡುಗ ಸುಮಾರಾಗಿ ಓದಿದರೂ ಕಾಲೇಜಿಗೆ ಹೋಗಬಹುದು, ಹುಡುಗಿ ಹೋಗಬೇಕಾದರೆ ತುಂಬಾ ಚೆನ್ನಾಗಿ ಓದಬೇಕು. ಇದು ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಜಗುಲಿಯ ಮೂಲೆಯಲ್ಲಿ ಕೂತಿದ್ದ ದೊಡ್ಡಪ್ಪ ಆಗ ಬಾಯಿ ತೆರೆದರು.

“ನೋಡನ. ಮೂರು ಕಡೆ ಹೋಗಿ ನೋಡ್ಕಂಡು ಬರನ. ಹೊಂದಿದ್ರೆ ಆಯ್ತು. ಇಲ್ದಿದ್ರೆ ಮನೇಲೇ ಇರ್ಲಿ, ಒಂದು ಹೊಲಿಗೆ ಮಿಷನ್ ತರಿಸಿಕೊಡ್ತೀನಿ.”

ಹೊಲಿಗೆ ಮಿಷನ್ನಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಆ ಸಂಜೆ ಅದರ ಚಕ್ರ ನನ್ನ ಎದೆಯೊಳಗೇ ತಿರುಗಿದ ಹಾಗಾಯಿತು. ನನಗೆ ಓದಬೇಕಿತ್ತು. ಡಾಕ್ಟರಾಗಬೇಕು, ಕಲೆಕ್ಟರಾಗಬೇಕು ಎಂಬ ದೊಡ್ಡ ಆಸೆ ಯಾವುದೂ ಇರಲಿಲ್ಲ. ಓದು ಇಷ್ಟವಾಗಿತ್ತು, ಇನ್ನೂ ಸ್ವಲ್ಪ ದಿನ ಬೇಕಿತ್ತು, ಅಷ್ಟೆ. ಇಂಥ ಸಣ್ಣ ಆಸೆಯನ್ನು ಜಗುಲಿಗೆ ಬಂದು ಹೇಳುವ ಬಾಯಿ ನನಗಿರಲಿಲ್ಲ. ಮುಂದಿನ ವರ್ಷ ನೋಡೋಣ ಎಂಬ ಮಾತು ಹೆಣ್ಣುಮಕ್ಕಳ ಓದಿನ ವಿಷಯದಲ್ಲಿ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಮೂರು ಎಂದರೆ ಮೂರೇ.

ಇಲ್ಲಿ ದೊಡ್ಡಪ್ಪನ ‘ನೋಡುವುದು’ ಏನೆಂದು ಹೇಳಬೇಕು. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು ನಾವು. ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಹಿರಿಯರು ಗಂಡಿನ ಮನೆ ನೋಡಿ ಬರುವುದು ಪದ್ಧತಿ. ದೊಡ್ಡಪ್ಪ ನಮ್ಮ ನಂಟರಿಷ್ಟರಿಗೆಲ್ಲ ಸೇರಿ ಹದಿನಾಲ್ಕು ಮನೆ ನೋಡಿದವರು. ಅವರು ಜಗುಲಿ ನೋಡುವುದಿಲ್ಲ, ಅದನ್ನು ಎಲ್ಲರೂ ಗುಡಿಸಿ ಸಾರಿಸಿರುತ್ತಾರೆ. ನೇರ ಹಿತ್ತಲಿಗೆ ಹೋಗುತ್ತಾರೆ. ಬಾವಿಯ ಹಗ್ಗ, ಕೊಟ್ಟಿಗೆಯ ನೆಲ, ಹುಲ್ಲಿನ ಮೆದೆ. ಆಮೇಲೆ ಆ ಮನೆಯ ನಡುವಿನ ಸೊಸೆಯನ್ನು ಮಾತಾಡಿಸುತ್ತಾರೆ. “ದೊಡ್ಡ ಸೊಸೆ ಸೊಂಟದಲ್ಲಿ ಬೀಗದ ಕೈ ಇರ್ತದೆ, ಚಿಕ್ಕ ಸೊಸೆ ಸೊಂಟದಲ್ಲಿ ಕೂಸಿರ್ತದೆ. ನಡುವಿನೋಳಿಗೆ ಏನದೆ ಅಂತ ನೋಡ್ಬೇಕು. ಅವ್ಳು ನಗ್ತಾ ಇದ್ರೆ ಆ ಮನೆಗೆ ಕಣ್ಮುಚ್ಕಂಡು ಹೆಣ್ಣು ಕೊಡು” ಎಂಬುದು ಅವರ ಸಿದ್ಧಾಂತ. ಇನ್ನೊಂದು ಕಟ್ಟುನಿಟ್ಟು ಎಂದರೆ, ಒಪ್ಪಿಗೆಯಾಗುವ ತನಕ ಆ ಮನೆಯ ನೀರೂ ಮುಟ್ಟುವಂತಿಲ್ಲ. ಬಾಯಿಗೆ ಏನಾದರೂ ಹೋಯಿತೆಂದರೆ ಮಾತು ಕೊಟ್ಟಂತೆ. ಹಾಗಾಗಿ ಬುತ್ತಿ ಕಟ್ಟಿಕೊಂಡೇ ಹೋಗುತ್ತಾರೆ.

ಕಾಲೇಜನ್ನೂ ಹೀಗೆಯೇ ನೋಡುವುದೆಂದು ಅವರು ನಿಶ್ಚಯಿಸಿದಾಗ ಯಾರಿಗೂ ವಿಚಿತ್ರವೆನಿಸಲಿಲ್ಲ. ಹೆಣ್ಣು ಕಳಿಸುವುದು ತಾನೇ?

ನಾನೂ ನನ್ನ ಪಾಡಿಗೆ ಒಂದು ಪಟ್ಟಿ ಮಾಡಿದೆ. ದೂರ, ಹಾಸ್ಟೆಲು, ನನ್ನ ಅಂಕಕ್ಕೆ ಸೀಟು, ಊಟ, ಜನರ ಮಾತು ಎಂದು ಐದು ಅಂಕಣ, ಒಂದೊಂದಕ್ಕೂ ಹತ್ತು ಅಂಕ. ಮಡಿಕೇರಿಯಲ್ಲಿ ಉಳಿಯಲು ನಮಗೆ ಅನುಕೂಲವಿರಲಿಲ್ಲ, ಅದನ್ನು ಮೊದಲೇ ಹೊಡೆದುಹಾಕಿದ್ದಾಗಿತ್ತು. ಉಳಿದದ್ದು ಮೈಸೂರಿನಲ್ಲಿ ಎರಡು, ಮಂಗಳೂರಿನಲ್ಲಿ ಒಂದು. ಮೈಸೂರಿನ ದೊಡ್ಡ ಕಾಲೇಜಿಗೆ ಐವತ್ತಕ್ಕೆ ನಲವತ್ತೊಂದು ಬಂತು. ಮಂಗಳೂರಿಗೆ ಇಪ್ಪತ್ತಮೂರು. ಪರೀಕ್ಷೆ ಬರೆದವಳಿಗೆ ಪರೀಕ್ಷೆ ಮಾಡುವ ಖುಷಿ ಹೇಗಿರುತ್ತದೆ ಎಂದು ಆಗ ಗೊತ್ತಾಯಿತು.

ಜೂನ್ ತಿಂಗಳ ಎರಡನೆಯ ಬುಧವಾರ ದೊಡ್ಡಪ್ಪ, ಅತ್ತೆ ಮತ್ತು ನಾನು ಮೈಸೂರಿಗೆ ಹೊರಟೆವು. ಅತ್ತೆ ಅಪ್ಪಯ್ಯನ ತಂಗಿ, ಪಿರಿಯಾಪಟ್ಟಣದ ಹತ್ತಿರ ಕೊಟ್ಟಿದ್ದರು, ಆಗ ತವರಿಗೆ ಬಂದಿದ್ದಳು. ಬುತ್ತಿಯಲ್ಲಿ ಅಕ್ಕಿರೊಟ್ಟಿ ಹದಿನೆಂಟು, ಹುಚ್ಚೆಳ್ಳು ಚಟ್ನಿಪುಡಿ. ಬಸ್ಸು ಕಾವೇರಿಯ ಸೇತುವೆ ದಾಟಿದರೆ ಮೈಸೂರು ರಾಜ್ಯ. ಸೇತುವೆಯ ಆಚೆ ತುದಿಯಲ್ಲಿ ದೊಡ್ಡಪ್ಪ ಒಮ್ಮೆ ಟೋಪಿ ಸರಿಮಾಡಿಕೊಂಡರು.

ಆ ಕಾಲೇಜನ್ನು ನಾನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ಕಲ್ಲಿನ ಕಂಬ ಇಪ್ಪತ್ತೆರಡು. ಅಗಲವಾದ ಮರದ ಮೆಟ್ಟಿಲು. ಎದೆಗೆ ಪುಸ್ತಕ ಒತ್ತಿಕೊಂಡು, ಒಬ್ಬರ ಮಾತಿಗೆ ಇನ್ನೊಬ್ಬರು ಕಾಯದೆ ಮಾತಾಡುತ್ತ ಇಳಿಯುವ ಹುಡುಗಿಯರು. ನಾನು ಕಂಬ ಎಣಿಸಿ ಮುಗಿಸುವುದರೊಳಗೆ ದೊಡ್ಡಪ್ಪ ಹಿತ್ತಲು ನೋಡಿ ಬಂದು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತಿದ್ದರು. ಪ್ರಿನ್ಸಿಪಾಲರು ಬಹಳ ಸಭ್ಯರು. ಜವಾನನಿಗೆ ಹೇಳಿ ಕಾಫಿ ತರಿಸಿದರು. ದೊಡ್ಡಪ್ಪ ಕೈ ಮುಗಿದರು.

“ಕಾಫಿ ಸೀಮೆಯವರು ಕಾಫಿ ಬೇಡ ಅನ್ನೋದೇ?”

“ಇನ್ನೂ ಆ ಹಂತಕ್ಕೆ ಬಂದಿಲ್ಲ ಬುದ್ಧಿ,” ಎಂದರು ದೊಡ್ಡಪ್ಪ. ಪ್ರಿನ್ಸಿಪಾಲರಿಗೆ ಏನು ಅರ್ಥವಾಯಿತೋ, ತಾವೊಬ್ಬರೇ ಕುಡಿದರು.

“ನಿಮ್ಮಲ್ಲಿ ಸುಮಾರಾಗಿ ಓದೋ ಹುಡುಗಿ ಒಬ್ಳನ್ನ ಕರೆಸ್ತೀರಾ? ಎರಡು ಮಾತು ಆಡ್ಬೇಕು.”

ಪ್ರಿನ್ಸಿಪಾಲರು ಗೋಡೆಯ ಮೇಲಿನ ಹಲಗೆ ತೋರಿಸಿದರು. ಪದಕ ಪಡೆದವರ ಹೆಸರುಗಳು ಬಂಗಾರದ ಬಣ್ಣದಲ್ಲಿದ್ದವು.

“ಅವ್ರು ದೊಡ್ಡ ಸೊಸೆಯರು. ನಡುವಿನೋರು?”

“ಹಾಗೆ ಅಂತ ನಾವು ಯಾರನ್ನೂ ಗುರುತಿಟ್ಟಿಲ್ವಲ್ಲ,” ಎಂದರು ಪ್ರಿನ್ಸಿಪಾಲರು, ಪ್ರಾಮಾಣಿಕವಾಗಿ.

ದೊಡ್ಡಪ್ಪನಿಗೆ ಅಷ್ಟು ಸಾಕಾಯಿತು. ಗೇಟಿನಾಚೆ ಬಂದು, “ದೊಡ್ಡ ಮನೆ. ಒಳ್ಳೇ ಜನ. ಇವ್ಳು ಇಲ್ಲಿ ಕಳೆದೋಯ್ತಾಳೆ” ಎಂದರು. ನಾನು ಕಂಬಗಳ ಕಡೆ ಇನ್ನೊಮ್ಮೆ ನೋಡಿದೆ. ಆ ದಿನದ ದಿನಚರಿಯಲ್ಲಿ “ಅಳಲಿಲ್ಲ” ಎಂದು ಬರೆದಿದ್ದೇನೆ. ನಿಜವಾಗಿ ಅಳದ ದಿನ ಯಾರೂ ಹಾಗೆ ಬರೆಯುವುದಿಲ್ಲ.

ಎರಡನೆಯ ಕಾಲೇಜು ಐದು ನಿಮಿಷದಲ್ಲಿ ಮುಗಿಯಿತು. ಅಲ್ಲಿ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇರಲಿಲ್ಲ. “ಹಿತ್ತಲೇ ಇಲ್ದಿದ್ ಮೇಲೆ ನೋಡೋದೇನು?” ಎಂದು ದೊಡ್ಡಪ್ಪ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದರು. ನಾನು ಪಟ್ಟಿ ತೆಗೆದು ಎರಡು ಹೆಸರು ಹೊಡೆದುಹಾಕಿದೆ. ಉಳಿದದ್ದು ಒಂದು, ಅದೂ ಇಪ್ಪತ್ತಮೂರು ಅಂಕದ್ದು.

ಮುಂದಿನ ಮಂಗಳವಾರ ಮಂಗಳೂರಿಗೆ ಹೊರಟೆವು. ಮಡಿಕೇರಿಯಲ್ಲಿ ಅತ್ತೆ ನಾಲ್ಕು ನಿಂಬೆಹಣ್ಣು ಕೊಂಡಳು. ಅದರ ಚರಿತ್ರೆಯನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಸಂಪಾಜೆಯ ಘಾಟಿಯಲ್ಲಿ ಬಸ್ಸು ಒಂದು ಸಲ ಎಡಕ್ಕೆ ವಾಲಿದರೆ ನಾನು ಒಂದು ಸಲ ಕಿಟಕಿಗೆ ವಾಲುತ್ತಿದ್ದೆ. ಎದುರಿನ ಸೀಟಿನಲ್ಲಿ ದೊಡ್ಡಪ್ಪ ಟೋಪಿ ಮುಖದ ಮೇಲೆ ಎಳೆದುಕೊಂಡು ಮಲಗಿದ್ದರು. ನನ್ನ ಗಮನ ಬೇರೆಡೆಗೆ ಹೋಗಲಿ ಎಂದು ಅತ್ತೆ ಕಿವಿಯ ಹತ್ತಿರ ಬಾಯಿ ತಂದು ಒಂದು ಕತೆ ಶುರು ಮಾಡಿದಳು.

“ನಿಮ್ಮ ದೊಡ್ಡಪ್ಪ ಹದಿನಾಕು ಮನೆ ನೋಡವ್ರಲ್ಲ, ಅದ್ರಲ್ಲಿ ನಂದು ಎಷ್ಟನೇದು ಗೊತ್ತಾ?”

“ಮೂರನೇದು,” ಎಂದೆ. ಅದೂ ಬರೆದಿಟ್ಟಿದ್ದೆ.

“ಅಣ್ಣ ನೋಡೋಕೆ ಹೋದಾಗ ಆ ಮನೆ ಹಿತ್ತಲಲ್ಲಿ ಆಳೆತ್ತರ ಮೂರು ಹುಲ್ಲಿನ ಮೆದೆ ಇದ್ವಂತೆ. ಬಂದು ಅಪ್ಪನ ಹತ್ರ ಹೇಳಿದ್ದೇ ಹೇಳಿದ್ದು. ಮದ್ವೆಯಾಗಿ ಮೂರನೇ ದಿನ ಬಾಗಿಲಲ್ಲಿ ನಿಂತು ನೋಡ್ತೀನಿ, ಹುಲ್ಲು ನಡ್ಕಂಡು ಹೋಯ್ತಾ ಅದೆ.”

“ಹುಲ್ಲು ನಡೆಯೋದೇ?”

“ತಲೆ ಮೇಲೆ ಹೊತ್ಕಂಡಿದ್ರು ಕಣೇ, ಪಕ್ಕದ ಮನೆಯೋರು. ಅವರ ಹುಲ್ಲು. ಅಣ್ಣ ಬರ್ತಾರೆ ಅಂತ ಎರಡು ಮೆದೆ ಇಲ್ಲಿ ತಂದು ಒಟ್ಟಿದ್ದು, ಮದ್ವೆ ಆಯ್ತಲ್ಲ, ವಾಪಸ್ ತಗಂಡು ಹೋಯ್ತಾ ಅವ್ರೆ. ಅಯ್ಯೋ ಶಿವನೆ!”

ನನಗೆ ಆ ಸಂಕಟದಲ್ಲೂ ನಗು ಬಂತು. “ನಿಂಗೆ ಬೇಜಾರಾಗ್ಲಿಲ್ವಾ ಅತ್ತೆ?”

“ಗಂಡ ಒಳ್ಳೇನು. ಹುಲ್ಲು ಮಾತ್ರ ಪಕ್ಕದ ಮನೇದು.” ಎದುರಿನ ಟೋಪಿ ಕದಲಲಿಲ್ಲ. ಆದರೆ ಗೊರಕೆ ನಿಂತಿತ್ತು.

ಮಂಗಳೂರು ತಲುಪಿದಾಗ ಮಧ್ಯಾಹ್ನ. ಬುತ್ತಿ ಬಿಚ್ಚಿದರೆ ಚಟ್ನಿಪುಡಿಯ ವಾಸನೆಗೇ ಮುಖ ತಿರುಗಿಸಿದೆ, ಮುಟ್ಟಲಿಲ್ಲ. ಕಾಲೇಜು ಎಂದು ತೋರಿಸಿದ್ದು ಹಂಚಿನ ಮಾಡಿನ ಉದ್ದನೆಯ ಕಟ್ಟಡ, ಪಕ್ಕದಲ್ಲಿ ತೆಂಗಿನ ಮರಗಳ ನಡುವೆ ಹಾಸ್ಟೆಲು. ಗೇಟಿನಲ್ಲಿ ನಿಂತೇ ದೊಡ್ಡಪ್ಪ ಹೇಳಿಬಿಟ್ಟರು: “ತುಂಬಾ ದೂರ ಆಯ್ತು ಕಣವ್ವ. ಬಂದಿದ್ದೀವಿ, ಒಂದು ಸಲ ನೋಡ್ಕಂಡು ಹೋಗನ.” ಇಂಥ ಮಾತಿನ ಅರ್ಥ ನನಗೆ ಗೊತ್ತಿತ್ತು. ಬೇಡವಾದ ಮನೆಯ ಬಾಗಿಲಲ್ಲಿ ಅವರು ಹೀಗೆಯೇ ಹೇಳುತ್ತಾರೆ ಎಂದು ಅಪ್ಪಯ್ಯ ಎಷ್ಟೋ ಸಲ ಹೇಳಿದ್ದರು. ಸುಳ್ಳೇಕೆ, ನನಗೂ ಆ ಜಾಗ ಬೇಕೆನ್ನಿಸಲಿಲ್ಲ. ಕಂಬ ಇರಲಿಲ್ಲ. ರಸ್ತೆಯಲ್ಲಿ ಆಡುತ್ತಿದ್ದ ತುಳು ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೂ ಇದಾದ ಮೇಲೆ ಬೇರೆ ಇಲ್ಲ.

ಹಾಸ್ಟೆಲಿನ ಮೇಡಂ ಬಿಳಿ ಕೂದಲಿನ ಹೆಂಗಸು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ನಮ್ಮನ್ನು ಕಂಡವರೇ ತಟ್ಟೆಯಲ್ಲಿ ಬೆಲ್ಲದ ತುಂಡು, ಚೆಂಬಿನಲ್ಲಿ ನೀರು ತಂದಿಟ್ಟರು. ದೊಡ್ಡಪ್ಪ ಕೈ ಮುಗಿದರು.

“ಅದೆಂತ, ಬಾಯಾರಿಕೆಗೂ ಬೇಡವಾ?”

“ಬ್ಯಾಡಿ ತಾಯಿ. ಪದ್ಧತಿ.”

“ಬಂದವರಿಗೆ ನೀರು ಬೆಲ್ಲ ಕೊಡುವುದು ನಮ್ಮ ಪದ್ಧತಿ ಮಾರಾಯ್ರೆ. ಬೇಡ ಅಂದ್ರೆ ನಮಗೆ ಬೇಜಾರಾಗ್ತದೆ.”

ದೊಡ್ಡಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ತಮ್ಮ ಪದ್ಧತಿಗೆ ಎದುರಾಗಿ ಇನ್ನೊಂದು ಪದ್ಧತಿ ಸಿಕ್ಕಿತ್ತು. ಅವರು ಬೆಲ್ಲದ ತಟ್ಟೆಯನ್ನು ಎರಡು ಬೆರಳು ಆಚೆ ಸರಿಸಿ, ಮಾತು ಬದಲಿಸಿದರು. “ನಿಮ್ಮಲ್ಲಿ ಸುಮಾರಾಗಿ ಓದೋ ಹುಡುಗಿ...”

“ಕುಸುಮಾ!” ಎಂದು ಮೇಡಂ ಕೂಗಿದರು. ಒಂದು ಕ್ಷಣವೂ ಯೋಚಿಸಲಿಲ್ಲ.

ಎರಡನೆಯ ವರ್ಷದವರಿಗೆ ಆಗಲೇ ಪಾಠ ಶುರುವಾಗಿತ್ತು. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದವಳು ನನಗಿಂತ ಒಂದು ವರ್ಷ ದೊಡ್ಡವಳಿರಬೇಕು, ದುಂಡು ಮುಖ, ಎರಡು ಜಡೆ.

“ಕ್ಲಾಸಲ್ಲಿ ಎಷ್ಟನೆಯೋಳು ನೀನು?” ದೊಡ್ಡಪ್ಪ ಕೇಳಿದರು.

“ಹದಿನಾಲ್ಕು. ಒಮ್ಮೊಮ್ಮೆ ಹದಿನೈದು.” ನಾಚಿಕೆಯಿಲ್ಲದೆ ಹೇಳಿದಳು.

“ಇಲ್ಲಿ ನಿನ್ನ ಹೆಸರು ಎಷ್ಟು ಜನಕ್ಕೆ ಗೊತ್ತು?”

ಅವಳು ನಕ್ಕಳು. “ಎಲ್ಲರಿಗೂ ಗೊತ್ತುಂಟು. ಗಂಟೆ ಹೊಡೆಯುವುದು ನಾನಲ್ವಾ? ನಾನು ಹೊಡೆಯದಿದ್ರೆ ಇವರಿಗೆ ಊಟವೂ ಇಲ್ಲ, ಪ್ರಾರ್ಥನೆಯೂ ಇಲ್ಲ.”

“ನಿಂಗ್ಯಾಕೆ ಕೊಟ್ರು ಆ ಕೆಲ್ಸ?”

“ಫಸ್ಟ್ ಬರುವವರಿಗೆ ಪುಸ್ತಕದಲ್ಲಿ ಹೊತ್ತು ಹೋದದ್ದು ಗೊತ್ತಾಗುದಿಲ್ಲ. ಫೇಲಾಗುವವರಿಗೆ ನಿದ್ರೆಯಲ್ಲಿ ಗೊತ್ತಾಗುದಿಲ್ಲ. ನನಗೆ ಎರಡೂ ಇಲ್ಲ ಅಂತ ಮೇಡಂ ಕೊಟ್ರು.”

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ದೊಡ್ಡಪ್ಪ ನಗಲಿಲ್ಲ, ಆದರೆ ಮೀಸೆಯ ಒಂದು ತುದಿ ಇನ್ನೊಂದಕ್ಕಿಂತ ಮೇಲೇರಿತ್ತು. “ಹೂಂ. ಪುಸ್ತಕದ ಮನೆ ಎಲ್ಲದೆ? ಬಾವಿ ಎಲ್ಲದೆ?” ಎಂದು ಎದ್ದರು. ಅತ್ತೆಯನ್ನು ಬಾವಿಯ ಕಡೆ ಕಳಿಸಿ ತಾವು ಮೇಡಂ ಜೊತೆ ಲೈಬ್ರರಿಗೆ ಹೋದರು.

ನನಗೆ ಏಳಲು ಆಗಲಿಲ್ಲ. ಕುಸುಮ ನನ್ನ ಮುಖ ನೋಡಿದಳು. “ಘಾಟಿಯಲ್ಲಿ ಎಷ್ಟು ಸಲ?”

“ಆರು.”

“ನಾನು ಮೊದಲ ಸಲ ಘಾಟಿ ಹತ್ತುವಾಗ ನಾಲ್ಕು. ಬಾ ಇಲ್ಲಿ.”

ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದಳು. ಬಟ್ಟಲಲ್ಲಿ ಬಿಸಿ ಗಂಜಿ, ಕೆಂಪಗಿನ ದಪ್ಪ ಅಕ್ಕಿಯದು, ಅಂಚಿನಲ್ಲಿ ಒಂದು ಮಾವಿನ ಮಿಡಿ. ನಾನು ರಾಗಿಮುದ್ದೆ ಉಂಡು ಬೆಳೆದವಳು, ಅಂಥ ಗಂಜಿ ಕಂಡಿರಲಿಲ್ಲ. ಉಪ್ಪಿನ ಹಬೆ ಮೂಗಿಗೆ ಬಡಿಯಿತು. ಬೆಳಗಿನಿಂದ ಬರಿದಾಗಿದ್ದ ಹೊಟ್ಟೆ ನನ್ನನ್ನು ಏನೂ ಕೇಳಲಿಲ್ಲ. ಪದ್ಧತಿ ಎಂಬ ಮಾತು ತಲೆಯ ಹತ್ತಿರವೂ ಸುಳಿಯಲಿಲ್ಲ. ಒಂದು ಗುಟುಕು, ಇನ್ನೊಂದು, ಮಿಡಿಯ ಒಂದು ಕಚ್ಚು. ಕುಸುಮ ಎದುರಿಗೆ ಕೂತು, ಯಾವ ಮೇಷ್ಟ್ರಿಗೆ ಕಿವಿ ಮಂದ, ಯಾರು ಪಾಪ ಪಾಠದ ನಡುವೆ ಹೇಳುತ್ತಿದ್ದುದನ್ನೇ ಮರೆತುಬಿಡುತ್ತಾರೆ ಎಂದೆಲ್ಲ ಹೇಳುತ್ತಿದ್ದಳು. “ನಿನಗೆಂತ ಇಷ್ಟ ಓದ್ಲಿಕ್ಕೆ?” ಎಂದು ಕೇಳಿದಳು. ಅಷ್ಟು ದಿನದ ಓಡಾಟದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನನ್ನ ಐದು ಅಂಕಣದಲ್ಲೂ ಅದು ಇರಲಿಲ್ಲ. “ಚರಿತ್ರೆ,” ಎಂದೆ, ಬಾಯಲ್ಲಿ ಗಂಜಿ ಇಟ್ಟುಕೊಂಡೇ.

ಆಗ ದೊಡ್ಡಪ್ಪನ ದನಿ ಕೇಳಿಸಿತು. “ಪುಸ್ತಕ ಎಲ್ಲ ಮನೇವೇ ಕಣವ್ವ, ಎರವಲು ತಂದಿದ್ದಲ್ಲ,” ಎಂದು ಅತ್ತೆಗೆ ಹೇಳುತ್ತ ಬರುತ್ತಿದ್ದರು. “ಮೇಲಿನ ಸಾಲಲ್ಲಿ ಧೂಳದೆ, ಹೆಣ್ಮಕ್ಕಳ ಕೈಗೆಟುಕೋ ಸಾಲಲ್ಲಿ ಇಲ್ಲ. ಕೈ ಆಡ್ತಾ ಅದೆ. ಆದ್ರೂ ಇಷ್ಟು ದೂರ...” ಅಡುಗೆಮನೆಯ ಹೊಸ್ತಿಲಲ್ಲಿ ಮಾತು ನಿಂತಿತು.

ನಾನು ಬಟ್ಟಲು ಕೆಳಗಿಟ್ಟೆ. ತುಟಿಯ ಮೇಲೆ ಗಂಜಿ ಇತ್ತು.

“ಉಂಡುಬುಟ್ಯಾ!” ಎಂದರು ದೊಡ್ಡಪ್ಪ. ಕೋಪವಲ್ಲ, ಮರದಿಂದ ಬಿದ್ದವರ ದನಿ. ಹದಿನಾಲ್ಕು ಮನೆಗಳ ನೀರು ಮುಟ್ಟದವರ ಜೊತೆಗೆ ಬಂದು, ಇನ್ನೂ ಬೇಡವೆನ್ನಬೇಕಾಗಿದ್ದ ಮನೆಯಲ್ಲಿ ಹೆಣ್ಣೇ ಊಟಕ್ಕೆ ಕೂತಿದ್ದಳು. ಮೇಡಂಗೆ ಏನಾಯಿತೆಂದೇ ತಿಳಿಯಲಿಲ್ಲ. “ಎಂತಾಯ್ತು? ಮಗು ಹಸಿದಿತ್ತು, ಕೊಟ್ಟದ್ದು,” ಎಂದರು.

“ತಾಯಿ, ನಮ್ಮಲ್ಲಿ ಮನೆ ನೋಡೋಕೆ ಬಂದೋರು ಅಲ್ಲಿ ಉಂಡ್ರೆ ಒಪ್ಪಿದ್ದೀವಿ ಅಂತ ಅರ್ಥ,” ಎಂದು ಅತ್ತೆ ಬಿಡಿಸಿ ಹೇಳಿದಳು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದಳು. ಅಣ್ಣನ ಮುಂದೆ ಅವಳು ಅಷ್ಟು ನೇರ ನಿಂತು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ಅಣ್ಣ, ಮನೆ ನೋಡೋಕೆ ಹೆಣ್ಣನ್ನೇ ಕರ್ಕಂಡು ಬಂದಿರೋದು ನೀನು ಇದೇ ಮೊದ್ಲು. ಅವತ್ತು ನನ್ನೂ ಕರ್ಕಂಡು ಹೋಗಿದ್ರೆ, ಆ ಹುಲ್ಲು ಯಾರದ್ದು ಅಂತ ಆ ಮನೆ ನಡುವಿನ ಸೊಸೆ ನನ್ನ ಕಿವೀಲಿ ಹೇಳ್ಬುಡೋಳು.”

ದೊಡ್ಡಪ್ಪ ಟೋಪಿ ತೆಗೆದು, ಒಳಗೆ ಏನೋ ಇದೆಯೆಂಬಂತೆ ನೋಡಿ, ಮತ್ತೆ ಹಾಕಿಕೊಂಡರು. ನನ್ನ ಎದುರು ಬಂದು ಕುಕ್ಕರುಗಾಲಲ್ಲಿ ಕೂತರು. ಅವರ ಮಂಡಿ ಲಟಕ್ಕೆಂದಿತು.

“ಜಯಾ. ನಿಜ ಹೇಳು. ಹಸಿವಿಗೆ ಉಂಡ್ಯೋ, ಒಪ್ಪಿ ಉಂಡ್ಯೋ?”

ಹಸಿವಿಗೆ ಎಂದರೆ ಯಾರೂ ನನ್ನನ್ನು ಬಯ್ಯುತ್ತಿರಲಿಲ್ಲ. ಮಗು, ಗೊತ್ತಾಗಲಿಲ್ಲ ಎಂದು ಮೇಡಂಗೆ ಕೈ ಮುಗಿದು, ಸಂಜೆಯ ಬಸ್ಸಿಗೆ ಮನೆಗೆ ಹೋಗಿಬಿಡುತ್ತಿದ್ದೆವು. ಮುಂದಿನ ತಿಂಗಳು ಹೊಲಿಗೆ ಮಿಷನ್ ಬರುತ್ತಿತ್ತು. ಒಪ್ಪಿ ಎಂದರೆ ಘಾಟಿಯ ಈಚೆ, ಗೊತ್ತಿಲ್ಲದ ಮಾತಿನ ಊರಿನಲ್ಲಿ, ಎರಡು ವರ್ಷ. ನಿಜ ಏನೆಂದರೆ ಹಸಿವಿಗೇ ಉಂಡಿದ್ದೆ. ದೊಡ್ಡಪ್ಪನ ಮುಖದಲ್ಲಿ ಅವಸರವಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು, ಮೇಡಂ, ಅತ್ತೆ, ಬಾಗಿಲಿಗೆ ಆತುಕೊಂಡ ಕುಸುಮ. ನನ್ನ ಒಂದು ಉತ್ತರಕ್ಕೆ ಅಷ್ಟು ಜನ ಕಾದದ್ದು ಅದೇ ಮೊದಲು.

“ಮೊದಲ್ನೇ ಗುಟುಕು ಹಸಿವಿಗೆ ದೊಡ್ಡಪ್ಪ,” ಎಂದೆ. “ಆಮೇಲಿಂದೆಲ್ಲ ಒಪ್ಪಿ.”

ಹೇಳುವಾಗ ಅದು ಪೂರ್ತಿ ನಿಜವಾಗಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಆಗಿತ್ತು.

“ಹಂಗಾರೆ ಪೂರ್ತಿ ಉಣ್ಣು. ಅರ್ಧಕ್ಕೆ ಬುಡಬಾರ್ದು,” ಎಂದು ದೊಡ್ಡಪ್ಪ ಬಟ್ಟಲನ್ನು ನನ್ನ ಕೈಗೆ ಎತ್ತಿ ಕೊಟ್ಟರು. ನಾನು ಉಣ್ಣತೊಡಗಿದೆ. ಅವರು ಮಂಡಿ ಹಿಡಿದು ಎದ್ದು ಮೇಡಂ ಕಡೆ ತಿರುಗಿದರು. ಒಪ್ಪಿಗೆಯಾದ ಮನೆಯಲ್ಲಿ ಹೆಣ್ಣಿನ ಕಡೆಯವರು ಕೊನೆಗೊಮ್ಮೆ ಹೀಗೆ ನಿಲ್ಲುವುದುಂಟು, ಟೋಪಿ ಕೈಯಲ್ಲಿ ಹಿಡಿದು, ಅಲ್ಲಿಯವರೆಗೆ ಇದ್ದ ಬಿಗುವೆಲ್ಲ ಬಿಟ್ಟು.

“ತಾಯಿ, ಹುಡುಗಿ ಗಟ್ಟಿ. ಕೆಲ್ಸ ತಪ್ಪಿಸಲ್ಲ, ಸುಳ್ಳು ಹೇಳಲ್ಲ. ಒಂದೇ ಒಂದು ಐಬು ಅದೆ, ಈಗ್ಲೇ ಹೇಳ್ಬುಡ್ತೀನಿ.” ಅವರ ದನಿ ಸಣ್ಣದಾಯಿತು. “ಮುಂದೆ ಬಂದು ಕೇಳೋಳಲ್ಲ. ಸಾಕಾ ಅಂದ್ರೆ ಸಾಕು ಅಂತಾಳೆ, ಸಾಕಾಗಿರಲ್ಲ. ನೀವೇ ನೋಡಿ ಬಡಿಸ್ಬೇಕು.”

ಮೇಡಂ ಒಲೆಯ ಪಕ್ಕದ ಸೌಟು ತೆಗೆದುಕೊಂಡು, ನನ್ನನ್ನು ಕೇಳದೆ, ನನ್ನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದರು.